ಹನುಮಕ್ಕಜ್ಜಿಯ ಬುಟ್ಟಿ, ನನ್ನ ಅರ್ಜಿ

ಇವತ್ತು ಬಸ್ ಸ್ಟ್ಯಾಂಡಿನಲ್ಲಿ ಮಗಳು ಒಂದು ಪೊಟ್ಟಣ ಬೇಯಿಸಿದ ಕಡಲೆಕಾಯಿ ಕೊಂಡು ನನ್ನ ಕೈಗಿಟ್ಟಳು.

ಗುಡಿಬಂಡೆಯ ಹತ್ತಿರ ನಾನು ಓದಿದ ಹೈಸ್ಕೂಲಿನಲ್ಲಿ ಮೇಷ್ಟ್ರು ಸಮಾಜ, ವಿಜ್ಞಾನ, ಕನ್ನಡ ಮೂರನ್ನೂ ಸೇರಿಸಿ 'ಬದಲಾವಣೆ' ಎಂಬ ಪಾಠ ಮಾಡುತ್ತಿದ್ದರು. "ಸುತ್ತಮುತ್ತ ಏನಾದ್ರೂ ಒಂದು ಬದಲಾಯ್ಸಿ. ಮೊದ್ಲು ಅಲ್ಲಿರೋರ್ನ ಮಾತಾಡ್ಸಿ, ಆಮೇಲೆ ಬರೀರಿ" ಎಂದಿದ್ದರು. ನಾನು ಯಾರನ್ನೂ ಮಾತಾಡಿಸಲಿಲ್ಲ. ಗೇಟಿನ ಬಳಿ ಕಡಲೆಕಾಯಿ ಮಾರುವ ಹನುಮಕ್ಕಜ್ಜಿಯ ಬುಟ್ಟಿಗೆ ನೊಣ ಮುತ್ತುತ್ತವೆ, ಅವಳನ್ನು ಅಲ್ಲಿಂದ ಎಬ್ಬಿಸಿ ಎಂದು ಹೆಡ್ಮಾಸ್ಟರಿಗೆ ಅರ್ಜಿ ಬರೆದೆ. ಕ್ಲಾಸೆಲ್ಲ ಚಪ್ಪಾಳೆ ತಟ್ಟಿತು.

ಮರುದಿನ ಅಜ್ಜಿ ಅದೇ ಕಾಗದ ಹಿಡಿದು ನನ್ನ ಬಳಿಯೇ ಬಂದಳು. "ಇಲ್ಲಿ ಕೂರ್ಬೇಡ ಅಂತ ಇದ್ನ ಕೊಟ್ರು. ಏನ್ ಬರ್ದವ್ರೆ ನೋಡವ್ವ."

ಕೆಳಗಿದ್ದ ನನ್ನ ಹೆಸರೊಂದನ್ನು ಬಿಟ್ಟು ಎಲ್ಲವನ್ನೂ ಓದಿದೆ. ಓದಿ ಹೇಳಿದ್ದಕ್ಕೆ ಅವಳು ಒಂದು ಹಿಡಿ ಕಡಲೆಕಾಯಿ ಕೊಟ್ಟಳು. ಅವತ್ತು ತಿಂದುಬಿಟ್ಟೆ.

ಇವತ್ತಿನ ಪೊಟ್ಟಣ ಇನ್ನೂ ಬಿಚ್ಚಿಲ್ಲ.