ಮೂರನೆಯ ತುಳಿತಕ್ಕೆ ನಿಲ್ಲುವ ಕಾರು

ರಜೆಲಿಯ ಟ್ಯಾಕ್ಸಿ ಹತ್ತಿದವರು ಮೊದಲು ಹೋಗುವುದು ಪೆಟ್ರೋಲ್ ಬಂಕಿಗೆ. ನಮ್ಮ ದ್ವೀಪದ ರಾಜಧಾನಿ ಅಂಟಾನನರಿವೊದಲ್ಲಿ ಇದನ್ನು ಯಾರೂ ವಿಚಿತ್ರವೆಂದುಕೊಳ್ಳುವುದಿಲ್ಲ. ಬಾಡಿಗೆ ಮಾತಾಗುತ್ತದೆ, ಅದರಲ್ಲಿ ಸ್ವಲ್ಪ ಮುಂಗಡ ಕೈಗೆ ಬರುತ್ತದೆ, ಅದರಿಂದ ಒಂದು ಲೀಟರ್ ಹಾಕಿಸಿಕೊಂಡ ಮೇಲೆಯೇ ಪ್ರಯಾಣ. ಆ ಒಂದು ಲೀಟರ್ ಟ್ಯಾಂಕಿಗೆ ಹೋಗುವುದಿಲ್ಲ. ರಜೆಲಿಯ ಕಾರಿನ ಟ್ಯಾಂಕು ಒಳಗೆಲ್ಲ ತುಕ್ಕು ಹಿಡಿದು ನಿವೃತ್ತಿಯಾಗಿ ವರ್ಷಗಳಾಗಿವೆ. ಅವನ ಕಾಲ ಬಳಿ ಒಂದು ನೀರಿನ ಬಾಟಲಿ ಇರುತ್ತದೆ. ಅದರ ಮುಚ್ಚಳಕ್ಕೆ ತೂತು ಕೊರೆದು ತೂರಿಸಿದ ರಬ್ಬರ್ ಕೊಳವೆ ನೇರವಾಗಿ ಇಂಜಿನ್ನಿಗೆ ಹೋಗುತ್ತದೆ. ಪೆಟ್ರೋಲ್ ಎಷ್ಟಿದೆ ಎಂದು ತಿಳಿಯಲು ಬಗ್ಗಿ ನೋಡಿದರಾಯಿತು. ರಾತ್ರಿ ಬಾಟಲಿಯನ್ನು ಬಿಚ್ಚಿ ಮನೆಗೆ ಒಯ್ದು ಮಂಚದ ಕೆಳಗೆ ಇಡುತ್ತಾನೆ. ಹೊಸ ಕಾರಿನವರಿಗೆ ಬೀಗ, ಅಲಾರಂ ಬೇಕು. ತನಗೆ ಅದರ ಗೊಡವೆ ಇಲ್ಲ ಎನ್ನುತ್ತಾನೆ.

ಕಾರು ಅವನ ಅಪ್ಪನ ಕಾಲದ್ದು, ಫ್ರಾನ್ಸಿನದು, ಹಾಲುಕೆನೆಯ ಬಣ್ಣದ್ದು. ಗೇರು ಕೊಡೆಯ ಹಿಡಿಯಂತೆ ಎದುರಿನಿಂದ ಚಾಚಿಕೊಂಡಿದೆ. ಎಡಕ್ಕೆ ತಿರುಗಿದರೆ ಬಲಗಡೆಯ ಬಾಗಿಲು ತೆರೆದುಕೊಳ್ಳುತ್ತದೆ. ಅದಕ್ಕೆ ಹಗ್ಗ ಕಟ್ಟಿದೆ, ಆ ಕಡೆ ಕೂತವರು ಹಿಡಿದುಕೊಳ್ಳುತ್ತಾರೆ. ದೊಡ್ಡ ಏರು ಹತ್ತಿದ ಮೇಲೆ ಕಾರು ಕುದಿಯುತ್ತದೆ, ಆಗ ಪ್ರಯಾಣಿಕರು ಇಳಿದು ಅಕ್ಕಿಹಿಟ್ಟಿನ ಬಿಸಿ ಕಡುಬು ತಿನ್ನುತ್ತಾರೆ. ಸೆಲ್ಫ್ ಸ್ಟಾರ್ಟರ್ ಕೆಲಸ ಮಾಡುವುದಿಲ್ಲ, ಉರುಳಿದರಷ್ಟೇ ಇಂಜಿನ್ ಹೊತ್ತಿಕೊಳ್ಳುತ್ತದೆ. ಆದ್ದರಿಂದ ರಜೆಲಿ ಕಾರನ್ನು ಇಳಿಜಾರಿಗೆ ಮುಖ ಮಾಡಿಯೇ ನಿಲ್ಲಿಸುತ್ತಾನೆ. ಅಂಬನಿಡಿಯ ಗುಡ್ಡದ ಮೇಲೆ ಮನೆ ಹಿಡಿದದ್ದು ಅದಕ್ಕೆ. ಹಿರಿಯರ ಕಾಲದಿಂದ ಹೋಗುತ್ತಿದ್ದ ತಗ್ಗಿನ ಚರ್ಚು ಬಿಟ್ಟು ಮೇಲಿನ ಚರ್ಚಿಗೆ ಸೇರಿದ್ದೂ ಅದಕ್ಕೇ. ಪಾದ್ರಿ ಕಾರಣ ಕೇಳಿದಾಗ, ದೇವರ ವಿಷಯದಲ್ಲಿ ತನಗೆ ಏನೂ ತಕರಾರಿಲ್ಲ, ತಕರಾರಿರುವುದು ನೆಲದ ವಿಷಯದಲ್ಲಿ ಎಂದು ತಿಳಿಸಿದ.

"ಕೆಡೋದು ತಪ್ಪಲ್ಲ. ಎಲ್ಲಿ ಕೆಡುತ್ತೆ ಅಂತ ಹೇಳ್ದೆ ಕೆಡೋದು ತಪ್ಪು. ನಂದು ಒಂದು ದಿನಾನೂ ಹಾಗೆ ಮಾಡಿಲ್ಲ," ಎಂಬುದು ನಂಬಿಕಸ್ಥ ವಾಹನದ ಬಗ್ಗೆ ಅವನ ವ್ಯಾಖ್ಯಾನ.

ಬ್ರೇಕಿನದೂ ಹಾಗೆಯೇ. ಮೊದಲ ತುಳಿತ ಗಾಳಿಗೆ ಹೋಗುತ್ತದೆ. ಎರಡನೆಯದರಲ್ಲಿ ಏನೋ ಇದೆ ಎಂದು ಪಾದಕ್ಕೆ ತಿಳಿಯುತ್ತದೆ. ಮೂರನೆಯದಕ್ಕೆ ಕಾರು ನಿಲ್ಲುತ್ತದೆ. ಅಂಬನಿಡಿಯ ಸ್ಟ್ಯಾಂಡಿನ ಕಾರುಗಳೆಲ್ಲ ಹೆಚ್ಚುಕಡಿಮೆ ಇದೇ ಲೆಕ್ಕದವು. ಹಿಂದೆ ಬರುವವರಿಗೂ ಇದು ಗೊತ್ತು. ಹಾಲುಕೆನೆ ಬಣ್ಣದ ಟ್ಯಾಕ್ಸಿಯ ಹಿಂದಿನ ಕೆಂಪು ದೀಪ ಒಮ್ಮೆ ಮಿಟುಕಿದರೆ, ಮುಂದೆ ಏನೋ ಇದೆ ಎಂದರ್ಥ. ಎರಡನೆಯ ಸಲ ಮಿಟುಕಿದರೆ ಕಾಲನ್ನು ಬ್ರೇಕಿನ ಮೇಲೆ ಇಟ್ಟುಕೊಳ್ಳಬೇಕು. ಮೂರನೆಯದಕ್ಕೆ ಇಬ್ಬರೂ ಒಟ್ಟಿಗೆ ನಿಲ್ಲುತ್ತಾರೆ. ಡ್ರೈವಿಂಗ್ ಶಾಲೆಯಲ್ಲಿ ಇದನ್ನು ಹೇಳಿಕೊಡುವುದಿಲ್ಲ, ಆದರೂ ಕಲಿಯದವರು ಇಲ್ಲಿ ಬಹಳ ದಿನ ಕಾರು ಓಡಿಸುವುದಿಲ್ಲ.

ರಜೆಲಿಯ ಅಳಿಯ ತಹಿರಿ ಬ್ಯಾಂಕಿನಲ್ಲಿ ಗುಮಾಸ್ತ, ಮಾತಿನಲ್ಲಿ ಬಹಳ ವಿನಯವಂತ; ಮಾವನನ್ನು ಕರೆಯುವುದು ದಾದಾ ಎಂದು, ಅಂದರೆ ಅಪ್ಪ. ಜಪಾನಿನಿಂದ ಹಡಗಿನಲ್ಲಿ ಬಂದ, ಯಾರೋ ಬಳಸಿ ಬಿಟ್ಟ, ಆದರೂ ಹೊಸದರಂತೆ ಹೊಳೆಯುವ ಒಂದು ಪುಟ್ಟ ಕಾರನ್ನು ಅವನು ಕೊಂಡಿದ್ದ. ಒಂದು ಭಾನುವಾರ ಊಟವಾದ ಮೇಲೆ ಅವನು ಎದ್ದು ನಿಂತು ಕೈ ಮುಂದೆ ಕಟ್ಟಿಕೊಂಡ. ನಮ್ಮಲ್ಲಿ ದೊಡ್ಡ ಮಾತು ಆಡುವವರು, ಹಿರಿಯರ ಮುಂದೆ ಬಾಯಿ ತೆರೆದ ತಪ್ಪಿಗಾಗಿ ಮೊದಲು ಕ್ಷಮೆ ಕೇಳಬೇಕು. ಮಾತು ಎಷ್ಟು ದೊಡ್ಡದೋ ಕ್ಷಮೆಯೂ ಅಷ್ಟೇ ಉದ್ದ.

"ದಾದಾ, ನಾನು ಈ ಮನೇಲಿ ಎಲ್ರಿಗಿಂತ ಚಿಕ್ಕೋನು. ನನ್ನ ಮುಂಚೆ ಮಾತಾಡ್ಬೇಕಾದ ದೊಡ್ಡೋರಿದಾರೆ..."

"ಕ್ಷಮಿಸಿದೆ. ಕಾರಿನ ವಿಷ್ಯ ತಾನೆ? ಹೇಳು," ಎಂದ ರಜೆಲಿ.

"ಕ್ಷಮೆ ಇನ್ನೂ ಮುಗಿದಿಲ್ಲ ದಾದಾ."

"ಮುಗಿಸ್ಲಿ ಬಿಡ್ರಿ," ಎಂದಳು ರಜೆಲಿಯ ಹೆಂಡತಿ ಬಾಕುಲಿ, ಊಟದ ಮೇಲೆ ಎಲ್ಲರೂ ಕುಡಿಯುವ ಕಂದು ನೀರು ಕಾಯಿಸಲು, ತಳ ಸೀದ ಅನ್ನದ ಪಾತ್ರೆಗೆ ನೀರು ಸುರಿಯುತ್ತ. "ಆರಿ ಹೋಗೋಕೆ ಏನಿದೆ, ಎಲ್ಲಾ ತಿಂದಾಗಿದೆ."

ಕ್ಷಮೆ ಮುಗಿದ ಮೇಲೆ ಉಳಿದ ಮಾತು ಚಿಕ್ಕದು. ಸರ್ಕಾರದ ವಾಹನ ತಪಾಸಣೆಯ ದಿನ ಬರುತ್ತಿದೆ. ಹಿಂದಿನ ಸಲ ಎಚ್ಚರಿಕೆ ಕೊಟ್ಟು ಬಿಟ್ಟಿದ್ದಾರೆ. ಈ ಸಲ ಫೇಲಾದರೆ ಕಾರು ರಸ್ತೆಗೆ ಇಳಿಯುವಂತಿಲ್ಲ. ಅದಕ್ಕಿಂತ ಮುಂಚೆ ಮಾವ ಮರ್ಯಾದೆಯಿಂದ ಅದನ್ನು ಬಿಟ್ಟು, ಅಳಿಯನ ಕಾರನ್ನು ಟ್ಯಾಕ್ಸಿಯಾಗಿ ಓಡಿಸಬಹುದಲ್ಲ?

"ಏರಿನ ಕಡೆ ಮುಖ ಮಾಡಿ ನಿಲ್ಲಿಸ್ಬಹುದು ದಾದಾ. ಬಟನ್ ಒತ್ತಿದ್ರೆ ಸಾಕು."

"ಅದು ಕೆಟ್ರೆ?"

"ಅದು ಕೆಡಲ್ಲ."

"ಅದೇ ನನ್ನ ಭಯ. ಇದುವರ್ಗೂ ಕೆಡದೇ ಇರೋದು ಯಾವಾಗ ಕೆಡುತ್ತೆ ಅಂತ ಯಾರಿಗ್ಗೊತ್ತು?"

ನಿಜವಾದ ಭಯ ಬೇರೆ ಇತ್ತು, ಅದು ಬಾಕುಲಿಗೂ ಗೊತ್ತಿತ್ತು. ಅಳಿಯನ ಕಾರು ಓಡಿಸುವುದೆಂದರೆ ದಿನಾ ಸಂಜೆ ಎಲ್ಲೆಲ್ಲಿ ಹೋದೆ, ಯಾಕೆ ಹೋದೆ, ಬಾಗಿಲಿಗೆ ಈ ಗೀರು ಹೇಗಾಯಿತು ಎಂದು ಅಳಿಯನಿಗೆ ವಿನಯದಿಂದ ಉತ್ತರ ಕೊಡುವುದು. ಮಗಳ ಮದುವೆಯ ಮಾತುಕತೆಯಲ್ಲಿ ಇದೇ ತಹಿರಿಯನ್ನು ಮೂರು ಗಂಟೆ ಕಾಲ ಮಂಡಿಯೂರಿಸಿ ಕೂರಿಸಿದ್ದ ಮನುಷ್ಯನಿಗೆ ಅದು ಸುಲಭವಲ್ಲ. ಕೊನೆಗೆ ಒಪ್ಪಂದವಾಯಿತು. ಕಾರು ಪಾಸಾದರೆ ತಹಿರಿ ಈ ಮಾತನ್ನು ಇನ್ನೆಂದೂ ಎತ್ತಬಾರದು. ಫೇಲಾದರೆ ರಜೆಲಿ ಮರುದಿನದಿಂದಲೇ ಜಪಾನಿನ ಕಾರಿನ ಚಾಲಕ.

ರಜೆಲಿ ಒಪ್ಪಿದ್ದಕ್ಕೆ ಕಾರಣವಿತ್ತು. ಅಂಬನಿಡಿಯ ಸ್ಟ್ಯಾಂಡಿನವರ ಬಳಿ 'ಭಾನುವಾರದ ಬಟ್ಟೆ' ಇತ್ತು. ಎಲ್ಲರೂ ಸೇರಿ ಕೊಂಡುಕೊಂಡ ಕೆಲವು ಒಳ್ಳೆಯ ಸಾಮಾನುಗಳು ಅವು: ಗೀಟು ಸವೆಯದ ನಾಲ್ಕು ಟೈರು, ಎರಡು ಹೆಡ್‌ಲೈಟು, ಒಂದು ಹ್ಯಾಂಡ್‌ಬ್ರೇಕ್ ಕೇಬಲ್ಲು, ಎಲ್ಲಕ್ಕಿಂತ ಮುಖ್ಯವಾಗಿ, ಕಾಲಿನ ತುಳಿತವನ್ನು ಚಕ್ರಗಳಿಗೆ ಮುಟ್ಟಿಸುವ, ಬ್ರೇಕಿನ ಒಂದು ಒಳ್ಳೆಯ ಮಾಸ್ಟರ್ ಸಿಲಿಂಡರ್. ಅವು ಮೆಕ್ಯಾನಿಕ್ ಸಂಬಾತ್ರನ ಅಂಗಳದಲ್ಲಿ ಗೋಣಿ ಹೊದ್ದು ಮಲಗಿರುತ್ತಿದ್ದವು. ಯಾರ ತಪಾಸಣೆಯ ಸರದಿ ಬಂತೋ ಅವರ ಕಾರು ಅವನ್ನು ತೊಟ್ಟುಕೊಂಡು ಹೋಗಿ, ಮೊಹರು ಹಾಕಿಸಿಕೊಂಡು ಬಂದು, ಕಳಚಿ ಕೊಡುತ್ತಿತ್ತು. ಚರ್ಚಿಗೆ ಹರಕು ಅಂಗಿಯಲ್ಲಿ ಹೋಗುವುದಿಲ್ಲ. ಹಾಗೆಂದು ಚರ್ಚಿನ ಅಂಗಿಯಲ್ಲಿ ಗದ್ದೆಗೂ ಇಳಿಯುವುದಿಲ್ಲ. ಇದರಲ್ಲಿ ಮೋಸವಿದೆ ಎಂದು ಸ್ಟ್ಯಾಂಡಿನಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ತಪಾಸಣೆಯ ಬೆಳಿಗ್ಗೆ ಸಂಬಾತ್ರ ಎಲ್ಲವನ್ನೂ ಜೋಡಿಸಿ, ಬ್ರೇಕಿನ ಗಾಳಿ ತೆಗೆದು, ಕೈ ಒರೆಸಿಕೊಂಡ. ವಯಸ್ಸಿನಲ್ಲಿ ಚಿಕ್ಕವನಾದ ಅವನು ರಜೆಲಿಯನ್ನು ಕರೆಯುವುದು ಜುಕಿ ಎಂದು, ಅಂದರೆ ಅಣ್ಣ.

"ಜುಕಿ, ನೆನಪಿರ್ಲಿ. ಇದು ಮೊದಲ್ನೇ ಸಲಕ್ಕೇ ಹಿಡಿಯುತ್ತೆ. ಪಾದ ಇಡಿ ಸಾಕು, ತುಳೀಬೇಡಿ."

"ನಂಗೆ ಈ ಕಾರು ಓಡ್ಸೋದು ಹೇಳ್ಕೊಡ್ತೀಯೇನೋ?"

"ಈ ಕಾರನ್ನ ನೀವು ಇವತ್ತೇ ಮೊದ್ಲು ಓಡಿಸ್ತಿರೋದು."

ರಜೆಲಿ ಗುಡ್ಡ ಇಳಿದ. ಎಂದಿನಂತೆ ಇಂಜಿನ್ ಆಫ್ ಮಾಡಿಕೊಂಡೇ ಇಳಿದ; ಇಳಿಜಾರಿನಲ್ಲಿ ಪೆಟ್ರೋಲ್ ಸುಡುವುದು ಅವನ ಕುಟುಂಬದಲ್ಲಿ ಇಲ್ಲ. ಹಿಂದೆ ತಹಿರಿ ತನ್ನ ಕಾರಿನಲ್ಲಿ ಬರುತ್ತಿದ್ದ. ಬ್ಯಾಂಕಿಗೆ ರಜೆ ಹಾಕಿದ್ದ. ಮಾವನ ಕಾರನ್ನು ಅಲ್ಲೇ ಹಿಡಿದಿಟ್ಟುಕೊಂಡರೆ ಮಾವ ನಡೆದು ಬರುವಂತಾಗಬಾರದು ಎಂಬುದು ಅವನು ಕೊಟ್ಟ ಕಾರಣ.

ತಪಾಸಣೆ ಕೇಂದ್ರದ ಗೇಟು ಕಾಣುವಷ್ಟು ಹತ್ತಿರದಲ್ಲಿ, ಕಲ್ಲು ಹಾಸಿದ ಇಳಿಜಾರಿನ ಕೊನೆಯಲ್ಲಿ, ಇಟ್ಟಿಗೆ ತುಂಬಿದ ಕೈಗಾಡಿಯೊಂದು ಅಡ್ಡ ಬಂತು. ರಜೆಲಿಯ ಕಾಲು ಎಷ್ಟೋ ವರ್ಷಗಳಿಂದ ಮಾಡುತ್ತಿದ್ದುದನ್ನೇ ಮಾಡಿತು. ಗಾಳಿಗೆ ಹೋಗಬೇಕಾದ ಮೊದಲ ತುಳಿತವನ್ನು ಪೂರ್ತಿ ಬಲದಿಂದ ತುಳಿಯಿತು. ನಾಲ್ಕು ಚಕ್ರಗಳೂ ಕಲ್ಲಿಗೆ ಅಂಟಿದವು. ಕಾರು ಮೂಗು ಬಗ್ಗಿಸಿ ನಿಂತುಬಿಟ್ಟಿತು. ಬಾಟಲಿ ಉರುಳಿತು.

ಹಿಂದೆ ತಹಿರಿ ಕೆಂಪು ದೀಪ ಒಮ್ಮೆ ಮಿಟುಕಿದ್ದನ್ನು ನೋಡಿದ. ಎರಡನೆಯದಕ್ಕಾಗಿ ಕಾದ. ತಿಳಿದವನಂತೆ, ಆತುರವಿಲ್ಲದೆ ಕಾದ.

ಸದ್ದಿಗೆ ಬೆಚ್ಚಿದ ಕೈಗಾಡಿಯವನು ಒಂದಿಷ್ಟು ಇಟ್ಟಿಗೆ ಚೆಲ್ಲಿ ತಿರುಗಿ ನೋಡಿದ. ಮಾವನ ಕಾರಿನ ಹಿಂಬದಿಯ ಕಬ್ಬಿಣದ ಪಟ್ಟಿ ಒಂದು ಬೆರಳಿನಷ್ಟು ಒಳಗೆ ಹೋಗಿತ್ತು. ಅಳಿಯನ ಕಾರಿಗೆ ಮೂತಿಯೇ ಇರಲಿಲ್ಲ. ರೇಡಿಯೇಟರಿನ ಹಸಿರು ನೀರು ಕಲ್ಲುಗಳ ಸಂದಿಯಲ್ಲಿ ಇಳಿದು ಹೋಗುತ್ತಿತ್ತು.

"ದಾದಾ!" ತಹಿರಿ ಇಳಿದು ಬಂದ. ಈ ಸಲ ಕ್ಷಮೆ ಕೇಳಲು ಅವನಿಗೆ ನೆನಪಾಗಲಿಲ್ಲ. "ಎರಡ್ನೇ ಸಲ ಮಿಟುಕಿಸ್ಲೇ ಇಲ್ವಲ್ಲ ನೀವು!"

"ಬೇಕಾಗ್ಲಿಲ್ಲ."

"ಮೊದಲ್ನೇ ಸಲಕ್ಕೇ ನಿಲ್ಲುತ್ತೆ ಅಂತ ಒಂದು ಮಾತು ಹೇಳ್ಬಾರ್ದಿತ್ತಾ?"

"ನಂಗೇ ಈಗ ಗೊತ್ತಾಗಿದ್ದು."

"ಯಾವೂರಪ್ಪಾ ನಿಮ್ದು?" ಎಂದ ಕೈಗಾಡಿಯವನು, ಚೆಲ್ಲಿದ ಇಟ್ಟಿಗೆ ಆರಿಸುತ್ತ. "ಹಿಂಗೆಲ್ಲಾ ಹೇಳ್ದೆ ಕೇಳ್ದೆ ನಿಂತ್ಬಿಡೋದಾ?"

ಇದೆಲ್ಲವನ್ನೂ ಗೇಟಿನ ಬಳಿ ನಿಂತು ನೋಡುತ್ತಿದ್ದವಳು ತಪಾಸಣೆಯ ಅಧಿಕಾರಿ. ನೀಲಿ ಕೋಟು, ಕತ್ತಿನಲ್ಲಿ ಕನ್ನಡಕ; ಎಲ್ಲರೂ ಅವಳನ್ನು ಗೌರವದಿಂದ ರಮಾತುವಾ, ಅಂದರೆ ಅಮ್ಮಾವ್ರು, ಎಂದಷ್ಟೇ ಕರೆಯುತ್ತಿದ್ದರು. ಇಬ್ಬರು ಆಳುಗಳು ತಹಿರಿಯ ಕಾರನ್ನು ಪಕ್ಕಕ್ಕೆ ತಳ್ಳಿದರು. ರಜೆಲಿಯ ಕಾರನ್ನೂ ಒಳಗೆ ತಳ್ಳಬೇಕಾಯಿತು, ಏಕೆಂದರೆ ಅಂಗಳ ಸಮತಟ್ಟು. ರಮಾತುವಾ ಟೈರು ಮುಟ್ಟಿದಳು, ಹೆಡ್‌ಲೈಟು ಹಾಕಿಸಿದಳು, ಹ್ಯಾಂಡ್‌ಬ್ರೇಕ್ ಎಳೆದಳು. ಬಾಗಿಲಿನ ಹಗ್ಗವನ್ನು ನೋಡಿ ಗಂಟು ಗಟ್ಟಿಯಾಗಿದೆಯೇ ಎಂದು ಜಗ್ಗಿದಳು. ಆಮೇಲೆ ಬಾನೆಟ್ ಎತ್ತಿ, ಬಗ್ಗಿ, ಮಾಸ್ಟರ್ ಸಿಲಿಂಡರನ್ನು ಮಾತಾಡಿಸಿದಳು.

"ಓ, ನೀನಾ? ಚೆನ್ನಾಗಿದೀಯಾ?"

ರಜೆಲಿ ಆಕಾಶ ನೋಡಿದ.

"ಹೋದ ವಾರ ಬೇರೆ ಕಾರಲ್ಲಿ ಬಂದಿತ್ತು ಇದು," ಎಂದಳು ರಮಾತುವಾ. "ಅದಕ್ಕೆ ಮುಂಚೆ ಇನ್ನೊಂದ್ರಲ್ಲಿ. ನನ್ನ ಸ್ವಂತ ತಮ್ಮ ಕೂಡ ಇಷ್ಟು ಸಲ ನನ್ನ ನೋಡೋಕೆ ಬರಲ್ಲ."

"ಒಂದೇ ಥರದ ಸಾಮಾನು ಊರಲ್ಲಿ ಎಷ್ಟೋ ಇರುತ್ತೆ, ರಮಾತುವಾ."

"ಇದೇ ಜಾಗದಲ್ಲಿ ಇದೇ ಗೀರಿರೋದೂ ಎಷ್ಟೋ ಇರುತ್ತಾ?"

ಗೇಟಿನ ಬಳಿ ತಹಿರಿ ತಲೆ ಎತ್ತಿದ. ಮೂತಿಯಿಲ್ಲದ ಕಾರಿನ ಪಕ್ಕದಲ್ಲಿ ನಿಂತಿದ್ದರೂ ಅವನ ಮುಖದಲ್ಲಿ ಸ್ವಲ್ಪ ಬೆಳಕು ಬಂತು. ರಜೆಲಿಗೆ ಅದು ಕಂಡಿತು. ಇಷ್ಟು ಹೊತ್ತು ಸಮಾಧಾನವಾಗಿದ್ದವನು ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ರಮಾತುವಾ, ಫೇಲ್ ಮಾಡೋದಾದ್ರೆ ಬಾಗಿಲಿಗೆ ಮಾಡಿ, ಸ್ಟಾರ್ಟರಿಗೆ ಮಾಡಿ. ಬ್ರೇಕಿಗೆ ಮಾತ್ರ ಬೇಡ. ಅದರ ಕೆಲಸ ನೀವೇ ನೋಡಿದೀರಿ."

"ನೋಡ್ದೆ. ಮಿಷನ್ನಿಗೆ ಹಾಕೋ ಅಗತ್ಯಾನೇ ಇಲ್ಲ. ಇಡೀ ವರ್ಷದಲ್ಲಿ ಇಷ್ಟು ಚೆನ್ನಾಗಿ ನಿಂತ ಟ್ಯಾಕ್ಸಿ ನಾನು ಕಂಡಿಲ್ಲ. ಪಾಸ್."

ರಜೆಲಿ ಟೊಪ್ಪಿ ಹಾಕಿಕೊಂಡ. ಆದರೆ ರಮಾತುವಾ ಇನ್ನೂ ಬಾನೆಟ್ ಇಳಿಸಿರಲಿಲ್ಲ. ಕೋಟಿನ ಜೇಬಿನಿಂದ ಕೆಂಪು ಬಣ್ಣದ ಒಂದು ಸಣ್ಣ ಡಬ್ಬಿ, ಕುಂಚ ತೆಗೆದಳು. ಸಿಲಿಂಡರಿನ ಎರಡು ಬೋಲ್ಟುಗಳ ತಲೆಯ ಮೇಲೆ, ಉಗುರಿಗೆ ಬಣ್ಣ ಹಚ್ಚುವವಳಂತೆ ನಿಧಾನವಾಗಿ ಹಚ್ಚಿದಳು.

"ರಸ್ತೆಲಿ ನಮ್ಮೋರು ಬಾನೆಟ್ ಎತ್ತಿಸಿ ನೋಡ್ತಾರೆ. ಬೋಲ್ಟು ಬಿಚ್ಚಿ ಈ ಬಣ್ಣ ಬಿರುಕು ಬಿಟ್ಟಿದ್ರೆ ಕಾರು ಅಲ್ಲೇ ನಿಲ್ಲುತ್ತೆ. ಪಾಪ, ಇದು ತುಂಬ ತಿರುಗಾಡಿದೆ. ಇನ್ನು ನಿಮ್ಮನೇಲೇ ಇರ್ಲಿ."

ಹೀಗೆ ರಜೆಲಿ ತನಗೆ ಬೇಕಾದದ್ದನ್ನು ಪಡೆದ, ಬೇಡವಾದದ್ದನ್ನೂ ಪಡೆದ.

ಸ್ಟ್ಯಾಂಡಿನಲ್ಲಿ ಚಾಲಕರ ಸಂಘದ ಅಧ್ಯಕ್ಷ ರಾಲಾಂಬು ಸ್ಪ್ಯಾನರು ಹಿಡಿದು ಕಾಯುತ್ತಿದ್ದ. ಮುಂದಿನ ಸರದಿ ಅವನದು.

"ಬಿಚ್ಚು."

"ಬಿಚ್ಚೋ ಹಂಗಿಲ್ಲ," ಎಂದು ರಜೆಲಿ ಬಾನೆಟ್ ಎತ್ತಿ ತೋರಿಸಿದ.

ರಾಲಾಂಬು ಕೆಂಪು ಬೋಲ್ಟುಗಳನ್ನು ಬಹಳ ಹೊತ್ತು ನೋಡಿದ. ಉಳಿದ ಚಾಲಕರೂ ಬಂದು ಒಬ್ಬೊಬ್ಬರಾಗಿ ಬಗ್ಗಿ ನೋಡಿದರು, ಸತ್ತವರ ಮುಖ ನೋಡುವಂತೆ.

"ಅಂದ್ರೆ ಭಾನುವಾರದ ಬಟ್ಟೆ ಹಾಕ್ಕೊಂಡು ಹೋದೋನು ಅದರಲ್ಲೇ ಸಂಸಾರ ಮಾಡ್ತೀನಿ ಅಂತೀಯಾ?"

"ನಾನು ಕೇಳಿದ್ನಾ? ಅವಳೇ ಹಚ್ಚಿದ್ದು."

"ಎಲ್ಲಾ ಮದುಮಕ್ಕಳೂ ಹಂಗೇ ಹೇಳೋದು," ಎಂದ ರಾಲಾಂಬು. ಅಂದಿನಿಂದ ಸ್ಟ್ಯಾಂಡಿನಲ್ಲಿ ರಜೆಲಿಗೆ ಮದುಮಗ ಎಂದೇ ಹೆಸರು. ರಾಲಾಂಬು ತನ್ನ ಅತ್ತೆಗೆ ಕಾಯಿಲೆ ಎಂದು ಹೇಳಿ ತಪಾಸಣೆಯ ದಿನವನ್ನು ಮುಂದಕ್ಕೆ ಹಾಕಿಸಿಕೊಂಡ. ಸ್ಟ್ಯಾಂಡಿನಲ್ಲಿ ಹಲವರ ಅತ್ತೆಯರಿಗೆ ಅದೇ ತಿಂಗಳು ಕಾಯಿಲೆಯಾಯಿತು.

ತಹಿರಿ ಮಾತಿಗೆ ತಪ್ಪಲಿಲ್ಲ. ಕಾರಿನ ವಿಷಯ ಮತ್ತೆ ಎತ್ತಲಿಲ್ಲ. ಅವನ ಕಾರಿನ ರೇಡಿಯೇಟರು, ಮೂತಿ, ದೀಪಗಳು ಹಡಗಿನಲ್ಲಿ ಬರಬೇಕು. ಹಡಗು ಯಾವುದೆಂದು ಇನ್ನೂ ತಿಳಿದಿಲ್ಲ. ಅಲ್ಲಿಯವರೆಗೆ ಮಾವನೇ ಅವನನ್ನು ಬ್ಯಾಂಕಿಗೆ ಬಿಡುತ್ತಾನೆ. ಅಳಿಯ ಬಲಗಡೆ ಕೂತು ಬಾಗಿಲಿನ ಹಗ್ಗ ಹಿಡಿದುಕೊಳ್ಳುತ್ತಾನೆ. ಎಲ್ಲಿಗೆ ಹೋಗುತ್ತಿ, ಯಾಕೆ ತಡವಾಯಿತು ಎಂದು ಕೇಳುವ ಸರದಿ ಈಗ ರಜೆಲಿಯದು.

ಕಷ್ಟವಿರುವುದು ರಸ್ತೆಯಲ್ಲಿ. ರಜೆಲಿ ಕಾಲನ್ನು ಪಳಗಿಸಲು ಬೂಟು ಬಿಟ್ಟು ಬರಿಗಾಲಲ್ಲಿ ಓಡಿಸಿ ನೋಡಿದ. ಪೆಡಲಿನ ಮೇಲೆ ಬಾಕುಲಿಯ ಹಳೆಯ ದಿಂಬಿನ ಚೂರು ಕಟ್ಟಿದ. ಕೊನೆಗೆ ಕಾಲು ಕಲಿಯಿತು, ಆದರೆ ಊರು ಕಲಿಯಲಿಲ್ಲ. ಹಿಂದೆ ಬರುವವರು ಇನ್ನೂ ಎರಡನೆಯ ಮಿಟುಕಿಗೆ ಕಾಯುತ್ತಾರೆ. ಎರಡು ಬೈಕು, ಒಂದು ಬ್ರೆಡ್ಡಿನ ವ್ಯಾನು ಬಂದು ಕಬ್ಬಿಣದ ಪಟ್ಟಿಗೆ ಮುತ್ತಿಟ್ಟು ಹೋದ ಮೇಲೆ, ಸಂಬಾತ್ರ ಹಿಂದಿನ ಗಾಜಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟ: 'ಎಚ್ಚರಿಕೆ. ಇದು ಮೊದಲ ಸಲಕ್ಕೇ ನಿಲ್ಲುತ್ತದೆ.'

ಅದನ್ನು ಓದಿದವರು ನಗುತ್ತಾರೆ, ಆಮೇಲೆ ಹಿಂದೆ ಸರಿಯುತ್ತಾರೆ. ಅಂಬನಿಡಿಯ ಇಳಿಜಾರಿನಲ್ಲಿ ಬೆಳಗಿನ ಹೊತ್ತು ಒಂದಕ್ಕೊಂದು ಮೂಗು ತಾಗಿಸಿಕೊಂಡು ಇಳಿಯುವ ವಾಹನಗಳ ಸಾಲಿನಲ್ಲಿ ಒಂದು ಕಡೆ ಮಾತ್ರ ಎರಡು ಬಸ್ಸು ಹಿಡಿಸುವಷ್ಟು ಜಾಗ ಖಾಲಿ ಇರುತ್ತದೆ. ಅದರ ಮುಂದೆ ರಜೆಲಿ ಹೋಗುತ್ತಿರುತ್ತಾನೆ, ಇಂಜಿನ್ ಆಫ್ ಮಾಡಿಕೊಂಡು. ಊರಲ್ಲೇ ಅತಿ ಚೆನ್ನಾಗಿ ನಿಲ್ಲುವ ಟ್ಯಾಕ್ಸಿ ಅದು, ಆದರೆ ಅದನ್ನು ನಂಬಿ ಯಾರೂ ಹತ್ತಿರ ಬರುವುದಿಲ್ಲ.