ನವಣೆ ತುಂಬಿದ ಬಾಡಿ

ಹೊಸ ಬಿಳಿ ಹತ್ತಿಬಟ್ಟೆಯನ್ನು ಮೊದಲ ಸಲ ನೀರಿಗೆ ಹಾಕಿದಾಗ ಗಂಜಿ ಬಿಟ್ಟುಕೊಂಡು ಒಂದು ವಾಸನೆ ಏಳುತ್ತದೆ. ಅಕ್ಕಿ ತೊಳೆದ ನೀರಿನಂಥ ವಾಸನೆ, ಸ್ವಲ್ಪ ಹುಳಿ, ಸ್ವಲ್ಪ ಧೂಳು. ಹೋದ ತಿಂಗಳು ಗೋಕಾಕದ ನಮ್ಮ ಮನೆಯಲ್ಲಿ ಮಗಳು ಸೀರೆಯ ಒಳಗೆ ಉಡುವ ಹೊಸ ಪರಕಾರವನ್ನು ಬಕೆಟ್ಟಿನಲ್ಲಿ ನೆನೆಹಾಕಿ ಎದ್ದಿದ್ದೆ, ಆ ವಾಸನೆ ನನ್ನನ್ನು ಅಲ್ಲಿಯೇ ನಿಲ್ಲಿಸಿಬಿಟ್ಟಿತು. ಕುಲಗೋಡದ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ಕಂಬದಿಂದ ಕಂಬಕ್ಕೆ ಕಟ್ಟಿದ ಹಗ್ಗದ ಮೇಲೆ ಇಂಥ ಬಟ್ಟೆ ಯಾವಾಗಲೂ ಒಣಗುತ್ತಿತ್ತು. ಅದರ ಕೆಳಗೆ ಬಗ್ಗಿ ಹಾದರೆ ಹಣೆಗೆ ತಣ್ಣಗೆ ತಾಕುತ್ತಿತ್ತು. ನೆನೆಸಿ ಒಣಗಿಸದ ಬಟ್ಟೆಗೆ ಗೌರವ್ವತ್ತಿ ಕತ್ತರಿ ಇಡುತ್ತಿರಲಿಲ್ಲ. "ಎಷ್ಟ ಕುಗ್ಗೂದೈತೋ ಮೊದಲ ಕುಗ್ಗಲಿ. ಮೈಮ್ಯಾಲೆ ಹೋದಿಂದ ಕುಗ್ಗಿದ್ರ ಯಾರಿಗೆ ಹೇಳೂದು?" ಎನ್ನುತ್ತಿದ್ದಳು.

ಗೌರವ್ವತ್ತಿ ಅಪ್ಪನ ಅಕ್ಕ. ಹುಕ್ಕೇರಿಗೆ ಕೊಟ್ಟಿದ್ದರು. ಮದುವೆಯಾಗಿ ನಾಲ್ಕು ವರ್ಷಕ್ಕೆ ಗಂಡ ತೀರಿಹೋದ ಮೇಲೆ ಅಲ್ಲಿ ಕಲಿತ ಹೊಲಿಗೆಯನ್ನೂ ಒಂದು ಕಾಲುಮಷಿನ್ನನ್ನೂ ತೆಗೆದುಕೊಂಡು ತವರಿಗೆ ಬಂದಳು. ಮಷಿನ್ನನ್ನು ಬಸ್ಸಿನ ಮೇಲೆ ಹೇರಿ ತಂದರಂತೆ. ನಮ್ಮದು ಕುರಿ ಕಾಯುವ, ನಾಲ್ಕು ಎಕರೆಯಲ್ಲಿ ಜೋಳ ಬೆಳೆಯುವ ಮನೆ. ಕಂಬಳಿಯ ವಾಸನೆ, ಕುರಿಹಾಲಿನ ವಾಸನೆಗಳ ನಡುವೆ ಅತ್ತಿಯ ಬಿಳಿಬಟ್ಟೆಯ ಮೂಲೆ ಮಾತ್ರ ಬೇರೊಂದು ಊರಿನಂತೆ ಇತ್ತು. ಆಕೆ ಹೊಲಿಯುತ್ತಿದ್ದದ್ದು ಹೆಂಗಸರು ಒಳಗೆ ತೊಡುವ ಬಟ್ಟೆಗಳನ್ನಷ್ಟೇ: ಪರಕಾರ, ಚಡ್ಡಿ, ನಮ್ಮ ಕಡೆ ಬಾಡಿ ಎನ್ನುವ ಒಳಕುಬಸ. ಅಂಗಡಿಯಲ್ಲಿ ಗಂಡಸರ ಮುಂದೆ ನಿಂತು ಅವುಗಳ ಹೆಸರು ಹೇಳಲು ನಾಚುವ ಕಾಲ. ಬಂದವರು ಇಲ್ಲಿಯೂ "ಅದನ್ನ ಹೊಲದ ಕೊಡ್ರಿ" ಎಂದೇ ಪಿಸುಗುಡುತ್ತಿದ್ದರು. ಅತ್ತಿ ಅವರನ್ನು ಒಳಕೋಣೆಗೆ ಕರೆದೊಯ್ದು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಆಕೆಯ ಮಾತು ಮಾತ್ರ ಹೊರಗೆ ಕೇಳುತ್ತಿತ್ತು. "ಬಗ್ಗು. ಕಸಾ ಹೊಡದಂಗ ಮಾಡು. ಈಗ ಕೈ ಎತ್ತು, ಕೊಡಾ ಇಳಸ್ಕೊಂಡಂಗ. ಎಲ್ಲೆರೆ ಜಗ್ಗತೈತೇನು?" ಸುಮ್ಮನೆ ನಿಂತಾಗ ಚೆಂದ ಕೂತು, ಕೆಲಸಕ್ಕೆ ಬಗ್ಗಿದಾಗ ಕಚ್ಚುವ ಬಟ್ಟೆಯನ್ನು ಆಕೆ ಬಟ್ಟೆಯೆಂದೇ ಕರೆಯುತ್ತಿರಲಿಲ್ಲ.

ಅವ್ವನ ಹೆಸರು ಶಾಂತವ್ವ. ಉಡುವುದರಲ್ಲಿ ಅವ್ವನಂಥವಳನ್ನು ನಾನು ಆಮೇಲೆಯೂ ಕಂಡಿಲ್ಲ. ಇದ್ದದ್ದು ಏಳೆಂಟು ಸೀರೆ. ಆದರೆ ಗಿಣಿಹಸಿರು ಇಳಕಲ್ಲಿಗೆ ಕಡುಗೆಂಪು ಕುಬಸ, ಬೂದಿಬಣ್ಣದ ಸೀರೆಗೆ ಅರಿಸಿನದ್ದು, ಹೀಗೆ ಯಾವುದಕ್ಕೆ ಯಾವುದೆಂದು ಆಕೆ ಕ್ಷಣ ನೋಡಿದರೆ ಸಾಕಿತ್ತು. ಕುಬಸದ ತೋಳು ಮೊಣಕೈಗಿಂತ ಎರಡು ಬೆರಳು ಮೇಲೆ, ಅದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಸಂತೆಯಲ್ಲಿ ಹೆಂಗಸರು ಆಕೆಯ ಬೆನ್ನು ನೋಡಿ "ಎಲ್ಲಿ ಹೊಲಿಸಿದ್ರಿ?" ಎಂದು ಕೇಳುತ್ತಿದ್ದರು. ಹೊಲಿಸಿದ್ದು ಗೋಕಾಕದ ಒಬ್ಬ ದರ್ಜಿಯ ಹತ್ತಿರ. ಮನೆಯಲ್ಲಿಯೇ ಮಷಿನ್ ಇದ್ದರೂ ಅವ್ವ ಅತ್ತಿಯ ಕೈಗೆ ಒಂದು ತುಂಡು ಬಟ್ಟೆ ಕೊಟ್ಟವಳಲ್ಲ. ಒಳಗಿನದನ್ನೂ ಗೋಕಾಕದಿಂದಲೇ ತರುತ್ತಿದ್ದಳು. ಅವ್ವ ಗೋಕಾಕದಿಂದ ಕಾಗದದ ಪೊಟ್ಟಣ ತಂದ ದಿನ ಮಾತ್ರ ಮಷಿನ್ನಿನ ಸದ್ದು ತುಸು ಜೋರಾಗಿ ಕೇಳುತ್ತಿತ್ತು. ಒಂದೇ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಆ ಇಬ್ಬರ ನಡುವೆ ಜಗಳವಿರಲಿಲ್ಲ, ಸಲಿಗೆಯೂ ಇರಲಿಲ್ಲ.

ನನಗೆ ಹನ್ನೆರಡು ವರ್ಷವಿದ್ದಾಗ ಅವ್ವನ ಎಡಗಡೆ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಅಪ್ಪ ಕುರಿಗಳನ್ನು ತನ್ನ ತಮ್ಮನಿಗೆ ಒಪ್ಪಿಸಿ ಅವ್ವನನ್ನು ಬೆಳಗಾವಿಗೆ ಕರೆದುಕೊಂಡು ಹೋದ. ಒಂದು ತಿಂಗಳ ಮೇಲೆ ಇಬ್ಬರೂ ಬಂದರು. ಅಂಗಳಕ್ಕೆ ಕಾಲಿಟ್ಟ ಅವ್ವ ಸೆರಗನ್ನು ಎರಡೂ ಭುಜದ ಮೇಲೆ ಹೊದ್ದು, ಚಳಿಯಾದವಳ ಹಾಗೆ ಮುಂದೆ ಬಿಗಿಯಾಗಿ ಹಿಡಿದಿದ್ದಳು. ನಾನು ಓಡಿಹೋಗಿ ತಬ್ಬಿಕೊಂಡೆ. ನನ್ನ ಕೆನ್ನೆಗೆ ಒಂದು ಕಡೆ ಎಲುಬು ತಾಕಿತು. ಅವ್ವ ಮೆಲ್ಲಗೆ ನನ್ನ ತಲೆಯನ್ನು ಇನ್ನೊಂದು ಪಕ್ಕಕ್ಕೆ ಸರಿಸಿದಳು.

ಗಾಯ ಮಾಯಿತು, ಔಷಧಕ್ಕೆ ಉದುರಿದ್ದ ಕೂದಲು ಮರಳಿ ಬಂತು. ಅವ್ವ ಮಾತ್ರ ಹೊಸ್ತಿಲು ದಾಟಲಿಲ್ಲ. ಕುಬಸಗಳನ್ನೆಲ್ಲ ಮಡಚಿ ಟ್ರಂಕಿನ ತಳಕ್ಕೆ ಹಾಕಿ, ಅಪ್ಪನ ಹಳೆಯ ಅಂಗಿ ತೊಟ್ಟು, ಅದರ ಮೇಲೆ ಸೆರಗು ಹೊದ್ದು ಒಳಗೇ ಇರುತ್ತಿದ್ದಳು. ನಲ್ಲಿಗೂ ಹೋಗುತ್ತಿರಲಿಲ್ಲ. ಎಡಭುಜ ನಿಧಾನವಾಗಿ ಮುಂದಕ್ಕೆ ಬಾಗಿ, ನೆಟ್ಟಗೆ ನಡೆಯುತ್ತಿದ್ದ ಆಕೆ ಒಂದು ಪಕ್ಕಕ್ಕೆ ವಾಲಿದವಳ ಹಾಗೆ ಕಾಣತೊಡಗಿದಳು. ಅಷ್ಟರಲ್ಲಿ ಮಸಗುಪ್ಪಿಯಿಂದ ಸೋದರಮಾವ ಮಗಳ ಮದುವೆಗೆ ಕರೆಯಲು ಬಂದ. ಆತ ಇರುವವರೆಗೂ ಅವ್ವ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಆತ ಹೋದ ಮೇಲೆ ಅಪ್ಪನಿಗೆ "ನೀವ್ ಹೋಗಿ ಬರ್ರಿ, ನಾ ಒಲ್ಲೆ" ಎಂದಳು. ಅಪ್ಪ ತಲೆ ತಗ್ಗಿಸಿಕೊಂಡು ಕುರಿಹಟ್ಟಿಗೆ ಹೋದ.

ಮರುದಿನ ಮಧ್ಯಾಹ್ನ ಅತ್ತಿ ಕೊರಳಿಗೆ ಟೇಪು ಹಾಕಿಕೊಂಡು ಅವ್ವನ ಮುಂದೆ ನಿಂತಳು.

"ಶಾಂತಾ, ಏಳು. ಅಳತಿ ತಗೋತೇನಿ."

"ಬ್ಯಾಡ್ರಿ ಅಕ್ಕಾ. ಇನ್ನ ನನಗ್ಯಾಕ ಅದೆಲ್ಲ?"

"ಯಾಕಂದ್ರ ನೀ ಡೊಂಕಾಗಾಕತ್ತಿ. ಚೆಂದಕ್ಕಲ್ಲವಾ. ಒಂದ ಕಡೆ ವಜ್ಜಾ, ಒಂದ ಕಡೆ ಏನೂ ಇಲ್ಲ. ಹಿಂಗ ಬಿಟ್ರ ಬೆನ್ನ ಹೋಗತೈತಿ."

ಅವ್ವ ಗೋಡೆ ಹಿಡಿದು ಎದ್ದಳು. ಅತ್ತಿ ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳು. ಅಂದು ಒಳಗಿನಿಂದ ಬಗ್ಗು, ಏಳು ಎನ್ನುವ ಮಾತು ಕೇಳಲಿಲ್ಲ. ಅವ್ವ ಅಳುವುದು ಕೇಳಿಸಿತು. ಆಸ್ಪತ್ರೆಯಿಂದ ಬಂದಮೇಲೆ ಆಕೆ ಅತ್ತದ್ದು ನಾನು ಕೇಳಿದ್ದು ಅದೇ ಮೊದಲು.

ಮೊದಲನೆಯದು ಸರಿಬರಲಿಲ್ಲ. ಎಡಗಡೆ ಒಳಗೊಂದು ಜೇಬು ಹೊಲಿದು ಅರಳೆ ತುಂಬಿದ್ದಳು. ಅದು ಹಗುರವಾಗಿ, ಕೈ ಎತ್ತಿದರೆ ಕೊರಳವರೆಗೆ ಏರುತ್ತಿತ್ತು. ಚಿಂದಿ ತುಂಬಿದರೆ ಗಟ್ಟಿಯಾಗಿ ಗಾಯದ ಮೇಲೆ ಒತ್ತುತ್ತಿತ್ತು. ಜೋಳ ತುಂಬಿ ನೋಡಿದಳು, ಕಾಳು ಚುಚ್ಚಿದವು. ಒಂದು ದಿನ ಕೇರುತ್ತಿದ್ದ ಮೊರವನ್ನು ಹಾಗೆಯೇ ಕೆಳಗಿಟ್ಟು, ನವಣೆಯಲ್ಲಿ ಕೈಯಾಡಿಸುತ್ತ ಕುಳಿತಳು. ನುಣ್ಣಗಿನ ಸಣ್ಣ ಕಾಳು ಬೆರಳ ಸಂದಿಯಿಂದ ಜಾರಿ, ಅಂಗೈ ಮಡಚಿದರೆ ಅಂಗೈಯ ಆಕಾರಕ್ಕೆ ಬರುತ್ತಿತ್ತು. ಹಳೆಯ ಮೆತ್ತನೆಯ ಧೋತರದ ತುಂಡಿನಲ್ಲಿ ದುಂಡಗಿನ ಚೀಲ ಹೊಲಿದು ನವಣೆ ತುಂಬಿದಳು. ಸುತ್ತ ತೆಳ್ಳಗೆ ಅರಳೆ ಇಟ್ಟಳು. ಬಾಡಿಯ ಭುಜಪಟ್ಟಿಯನ್ನು ಎರಡು ಬೆರಳು ಅಗಲ ಮಾಡಿದಳು, ಗಾಯ ತಾಕುವ ಕಡೆ ಹೊಲಿಗೆಯ ಅಂಚನ್ನು ಹೊರಕ್ಕೆ ತಿರುವಿದಳು. ಅವ್ವ ಅದನ್ನು ತೊಟ್ಟು, ಮೇಲೆ ಗೋಕಾಕದ ಕೆಂಪು ಕುಬಸ ಹಾಕಿಕೊಂಡು ಹೊರಗೆ ಬಂದಾಗ ಪಡಸಾಲೆಯಲ್ಲಿದ್ದ ಅಪ್ಪ ಎದ್ದು ನಿಂತ. ಅವ್ವ ಕಸಬರಿಗೆ ತೆಗೆದುಕೊಂಡು, ಯಾರೂ ಹೇಳದೆಯೇ ಬಗ್ಗಿ ಕಸ ಹೊಡೆದಳು. ಕೈ ಎತ್ತಿ ಮಾಡಿನಲ್ಲಿದ್ದ ಬುಟ್ಟಿ ಇಳಿಸಿದಳು.

"ಎಲ್ಲೆರೆ ಜಗ್ಗತೈತೇನು?" ಅತ್ತಿ ಕೇಳಿದಳು.

"ಇಲ್ರಿ ಅಕ್ಕಾ," ಎಂದಳು ಅವ್ವ.

ಮಸಗುಪ್ಪಿಯ ಮದುವೆಯಲ್ಲಿ ಯಾರೂ ಏನನ್ನೂ ಗಮನಿಸಲಿಲ್ಲ. ಗಿಣಿಹಸಿರು ಸೀರೆಯುಟ್ಟು ಅವ್ವ ಅರಿಸಿನ ಹಚ್ಚಿದಳು, ಪಂಕ್ತಿಯಲ್ಲಿ ಹೋಳಿಗೆ ಬಡಿಸಿದಳು. ಒಬ್ಬ ಮುದುಕಿ ಮಾತ್ರ ಆಕೆಯ ಬೆನ್ನು ಮುಟ್ಟಿ, "ಕುಬಸಾ ಚಲೋ ಕುಂತೈತಿ, ಯಾರ ಹೊಲದಾರವಾ?" ಎಂದಳು. ಅವ್ವ "ನಮ್ಮ ಅಕ್ಕಾರು" ಎಂದಳು. ಅದು ಸುಳ್ಳೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಕೈ ಹಿಡಿದು ಮುಂದೆ ನಡೆದಳು.

ಹದಿನೈದು ದಿನಕ್ಕೊಮ್ಮೆ ಚೀಲ ಬಿಚ್ಚಿ ಒಗೆದು, ನವಣೆಯನ್ನು ಬಿಸಿಲಿಗೆ ಹರವುವ ಕೆಲಸ ನನ್ನದಾಗಿತ್ತು. ಒಮ್ಮೆ ಅಂಗಳದಲ್ಲಿ ಹರವಿ ಆಟದಲ್ಲಿ ಮರೆತೆ. ಕೋಳಿ ಬಂದು ಅರ್ಧ ಮುಗಿಸಿತ್ತು. ಅತ್ತಿ ಮಷಿನ್ ಬಿಟ್ಟು ಎದ್ದು, "ಅಯ್ಯಯ್ಯ, ನಿಮ್ಮವ್ವನ ಎದಿ ಕೋಳಿ ತಿಂತವಾ!" ಎಂದು ಕೂಗಿದಳು. ಕೂಗಿದ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದಳು. ಆಗ ಅಡುಗೆಮನೆಯಿಂದ ಅವ್ವನ ನಗು ಕೇಳಿತು. ಮೊದಲು ಮೆಲ್ಲಗೆ, ಆಮೇಲೆ ತಡೆಯಲಾಗದೆ. ಹಿಟ್ಟಿನ ಕೈಯಲ್ಲಿಯೇ ಬಂದು ಬಾಗಿಲಿಗೊರಗಿ ನಿಂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಅಂದು ಸಂಜೆ ಇಬ್ಬರೂ ಕಟ್ಟೆಯ ಮೇಲೆ ಕುಳಿತಿದ್ದಾಗ ಅವ್ವ, "ಅಕ್ಕಾ, ಇಷ್ಟ ವರ್ಷ ನಿಮ್ಮ ಕಡೆ ಒಂದೂ ಹೊಲಿಸಲಿಲ್ಲ ನಾ," ಎಂದಳು. "ಹೊಲಿಸಿದ್ರ ಕೆಡಿಸ್ತಿದ್ದೆ ಬಿಡು," ಎಂದಳು ಅತ್ತಿ, "ಕುಬಸದ ತೋಳು ನನಗ ಇವತ್ತಿಗೂ ಬರಾಂಗಿಲ್ಲ."

ಅವ್ವ ಮತ್ತೆ ಒಂಬತ್ತು ವರ್ಷ ಬದುಕಿದಳು. ಸಂತೆಗೆ ಹೋದಳು, ಹೊಲಕ್ಕೆ ಹೋದಳು, ನನ್ನ ಮದುವೆಯ ಸೀರೆಗಳನ್ನು ತಾನೇ ಆರಿಸಿದಳು. ಬೇನೆ ತಿರುಗಿ ಬಂದಾಗ ಎರಡೇ ತಿಂಗಳು. ಕೊನೆಕೊನೆಗೆ ಏನು ತೊಡಿಸಿದರೂ ಮೈ ತಾಳುತ್ತಿರಲಿಲ್ಲ. ತನ್ನ ಹಳೆಯ ಸೀರೆಗಳನ್ನು ಹರಿದು, ಹೊಲಿಗೆಯೇ ಇಲ್ಲದ ಮೆತ್ತನೆಯ ಬಟ್ಟೆಯನ್ನು ಅತ್ತಿ ಆಕೆಗೆ ಹೊದಿಸುತ್ತಿದ್ದಳು. ಅವ್ವ ಹೋದ ಮೇಲೆ ಅತ್ತಿ ಬಹಳ ದಿನ ಮಷಿನ್ ಮುಟ್ಟಲಿಲ್ಲ. ಆದರೆ ಸುದ್ದಿ ಹೇಗೋ ಹಬ್ಬಿತ್ತು. ಕಲ್ಲೋಳಿಯಿಂದ, ಮೂಡಲಗಿಯಿಂದ, ದೂರದ ಹುಕ್ಕೇರಿಯಿಂದಲೂ ಸೆರಗನ್ನು ಬಿಗಿಯಾಗಿ ಹೊದ್ದ ಹೆಂಗಸರು ಬರತೊಡಗಿದರು. ಅತ್ತಿ ಯಾರನ್ನೂ ಬರಿಗೈಯಲ್ಲಿ ಕಳಿಸಲಿಲ್ಲ. ಈಗ ಅತ್ತಿಯೂ ಇಲ್ಲ, ಅಪ್ಪನೂ ಇಲ್ಲ. ಆ ಮನೆ ಬಿದ್ದು, ಆ ಜಾಗದಲ್ಲಿ ನನ್ನ ತಮ್ಮ ಸಿಮೆಂಟಿನ ಮನೆ ಕಟ್ಟಿದ್ದಾನೆ. ಕಂಬಗಳು ಎಲ್ಲಿ ಹೋದವೋ ಯಾರಿಗೂ ಗೊತ್ತಿಲ್ಲ. ನಿಮಗೂ ಇಂಥ ಒಂದು ಮನೆ ಇದ್ದಿರಬಹುದು. ಅದರ ಬಾಗಿಲು ಎಲ್ಲಿತ್ತೆಂದು ನೆಲದ ಮೇಲೆ ನಿಂತು ಅಂದಾಜು ಮಾಡಿರಬಹುದು.

ಎರಡು ವರ್ಷದ ಹಿಂದೆ ಮೂಡಲಗಿಯ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ವಯಸ್ಸಾದ ಹೆಂಗಸು ನನ್ನನ್ನೇ ನೋಡುತ್ತಿದ್ದಳು. ನೆಟ್ಟಗೆ ಕುಳಿತಿದ್ದಳು, ನೀಲಿ ಸೀರೆ, ಒಪ್ಪವಾದ ಸೆರಗು. "ನೀ ಕುಲಗೋಡ ಗೌರವ್ವಾರ ತಮ್ಮನ ಮಗಳ ಅಲ್ಲೇನವಾ? ಆ ಮನ್ಯಾಗ ನೋಡಿದ್ದೆ ನಿನ್ನ," ಎಂದಳು. ಹೌದೆಂದೆ. ಆಕೆ ನನ್ನ ಹತ್ತಿರ ಸರಿದು ಹೇಳಿದಳು: "ಆಪರೇಷನ್ ಆದಿಂದ ನನ್ನ ಗಂಡನೂ ನನ್ನ ಮುಟ್ಟಿರಲಿಲ್ಲವಾ. ನಿಮ್ಮತ್ತಿ ಅಳತಿ ತಗೊಳ್ಳೂಕಿಂತ ಮೊದಲ ಎರಡೂ ಕೈ ತಿಕ್ಕಿ ತಿಕ್ಕಿ ಬೆಚ್ಚಗ ಮಾಡ್ಕೊಂಡ್ರು. ಆಮ್ಯಾಲೆ ಆ ಗಾಯದ ಮ್ಯಾಲೆ ಅಂಗೈ ಇಟ್ಟು, ಸುಮ್ನ ಹಂಗ ಇಟ್ಕೊಂಡ ಕುಂತಿದ್ರು."

ನನಗದು ಗೊತ್ತಿರಲಿಲ್ಲ. ಅತ್ತಿ ಹೇಳಿರಲಿಲ್ಲ, ಅವ್ವನೂ ಹೇಳಿರಲಿಲ್ಲ.