ಅರ್ಧ ಸುತ್ತಿನ ತಪ್ಪು

ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಆಲಿಸಿ ಆಲಿಸಿ ಅವರ ಎಡಗಿವಿಯ ಮೇಲೆ ಕರಿಯ ಗುರುತೊಂದು ಉಳಿದುಬಿಟ್ಟಿತ್ತು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದೆ ಅವರ ತಗಡಿನ ಗ್ಯಾರೇಜು. ಎಲ್ಲರಿಗೂ ಅವರು ಮೇಸ್ತ್ರಿ. ಗಿರಾಕಿಗಳು ಕಾರಿನ ದೂರು ಹೇಳುವಾಗ ನಡುವೆ ಬಾಯಿ ಹಾಕುತ್ತಿರಲಿಲ್ಲ. ಎಲ್ಲ ಕೇಳಿಯಾದ ಮೇಲೆ, "ಆಯ್ತಪ್ಪ, ಈಗ ಗಾಡಿ ಏನಂತದೆ ಕೇಳಣ" ಎನ್ನುತ್ತಿದ್ದರು.

ನನ್ನ ಗಂಡ ತೀರಿಕೊಂಡ ಮೇಲೆ, ಅವರು ಬಿಟ್ಟುಹೋದ ಹಳೆಯ ಪೆಟ್ರೋಲ್ ಕಾರನ್ನು ನಾನೇ ಬಾಡಿಗೆಗೆ ಓಡಿಸತೊಡಗಿದ್ದೆ. ಒಬ್ಬ ಅಜ್ಜಿಯನ್ನು ವಾರಕ್ಕೆ ಮೂರು ದಿನ ಚಿಕ್ಕಬಳ್ಳಾಪುರಕ್ಕೆ ಡಯಾಲಿಸಿಸ್‌ಗೆ ಕರೆದೊಯ್ಯಬೇಕಿತ್ತು. ಎಂಜಿನ್ ಹೊಗೆ ಉಗುಳತೊಡಗಿದಾಗ ಮೇಸ್ತ್ರಿ ಅದನ್ನು ಪೂರ್ತಿ ಬಿಚ್ಚಿ, ಹೊಸ ಪಿಸ್ಟನ್ ಹಾಕಿ ಜೋಡಿಸಿದರು. ಆದರೆ ಸ್ಟಾರ್ಟ್ ಆಗಲಿಲ್ಲ. ಕೀಲಿ ತಿರುಗಿಸಿದರೆ ಕಾರ್ಬುರೇಟರಿನೊಳಗೆ ಢಬ್ ಎಂದು ಸದ್ದಾಗಿ ಸುಮ್ಮನಾಗುತ್ತಿತ್ತು. ಮರುದಿನ ಬೆಳಿಗ್ಗೆಯೇ ಅಜ್ಜಿಯ ಸರದಿ.

ಜೊತೆಗೆ ಬಂದಿದ್ದ ಮೈದುನ ರೇಗಿದ. "ಪಾರ್ಟ್ಸ್ ಅಂಗಡಿಯೋರು ಡೂಪ್ಲಿಕೇಟ್ ಸಾಮಾನು ಕೊಟ್ಟವ್ರೆ. ಸಾಕು ಅತ್ತಿಗೆ, ಗುಜರಿಗೆ ಹಾಕಿ. ನಿಮಗ್ಯಾಕೆ ಈ ಕೆಲಸ?"

ಮೇಸ್ತ್ರಿ ಬಾನೆಟ್ಟಿನೊಳಗೆ ಬಗ್ಗಿದರು. ಪ್ಲಗ್ಗಿನಲ್ಲಿ ಕಿಡಿ ನೋಡಿದರು, ಇತ್ತು. ಪೆಟ್ರೋಲ್ ಬರುತ್ತಿತ್ತು. ಹಳೆಯ ಟೈರಿನ ಮೇಲೆ ಕೂತು ಅರ್ಧ ಲೋಟ ಟೀ ಕುಡಿದರು. ಆಮೇಲೆ ಎದ್ದು, ಎಂಜಿನ್ನಿನ ಮುಂತುದಿಯ ಪ್ಲಗ್ ಬಿಚ್ಚಿ ನನ್ನನ್ನು ಕರೆದರು.

"ಬಾಮ್ಮ. ಈ ತೂತಿಗೆ ಹೆಬ್ಬೆರಳು ಒತ್ತಿ ಹಿಡ್ಕೊ. ಒಳಗಿಂದ ಗಾಳಿ ತಳ್ದಾಗ ಹೇಳು."

ಸ್ಪ್ಯಾನರ್ ಹಾಕಿ ಎಂಜಿನ್ನನ್ನು ಮೆಲ್ಲಗೆ ತಿರುಗಿಸಿದರು. ನನ್ನ ಬೆರಳನ್ನು ಗಾಳಿ ಜೋರಾಗಿ ನೂಕಿತು. "ಈಗ!" ಎಂದೆ. ಅಲ್ಲಿಗೆ ನಿಲ್ಲಿಸಿ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರು. ಕಿಡಿ ಹಂಚುವ ಮುಳ್ಳು ಈ ಸಿಲಿಂಡರಿನ ಕಡೆಗೆ ಇರಬೇಕಿತ್ತು. ಅದು ಸರಿಯಾಗಿ ಎದುರು ದಿಕ್ಕಿಗೆ ನಿಂತಿತ್ತು.

"ತಪ್ಪು ನಂದೇ," ಎಂದರು, ಎಲ್ಲರಿಗೂ ಕೇಳುವಂತೆ. "ಇದನ್ನ ಅರ್ಧ ಸುತ್ತು ತಿರುಗಿಸಿ ಕೂರ್ಸಿದೀನಿ, ಕಿಡಿ ಹೊತ್ತಲ್ಲದ ಹೊತ್ತಿಗೆ ಬೀಳ್ತಿತ್ತು. ಅಂಗಡಿಯೋರನ್ನ ಅನ್ಬೇಡಿ."

ಯಾರಿಗೂ ಹೇಳದೆ ಸರಿಪಡಿಸಬಹುದಿತ್ತು. ನಮಗೇನು ಗೊತ್ತಾಗುತ್ತಿತ್ತು? ಡಿಸ್ಟ್ರಿಬ್ಯೂಟರನ್ನು ಎತ್ತಿ ಸರಿಯಾಗಿ ಕೂರಿಸಿ, "ಹೊಡಿಯಮ್ಮ ಸೆಲ್ಫು" ಎಂದರು. ಕಾರು ಸ್ಟಾರ್ಟ್ ಆಯಿತು. ನಾನು ಸ್ಟೇರಿಂಗ್ ಹಿಡಿದೇ ಅತ್ತುಬಿಟ್ಟೆ. ಅವರು ನೋಡದವರಂತೆ ಕೈ ತೊಳೆಯಲು ಹೋದರು. ಹೋಗುತ್ತಾ ಮೈದುನನಿಗೆ, "ಮಾರೋದು ಬಿಡೋದು ಆಯಮ್ಮನ ಇಷ್ಟ ಕಣಪ್ಪ, ಓಡ್ಸೋರು ಅವರು" ಎಂದರು.

ಅಂದಿನಿಂದ ಅವರು ನನ್ನ ಕಾರನ್ನು ತಾವು ಮೊದಲು ಮುಟ್ಟಲಿಲ್ಲ. ಬಾನೆಟ್ ನಾನೇ ಎತ್ತಬೇಕು, ರೋಗ ನಾನೇ ಹೇಳಬೇಕು. ತಪ್ಪಿದರೆ ನಗುತ್ತಿರಲಿಲ್ಲ, "ಇನ್ನೊಂದ್ಸಲ ನೋಡು" ಎನ್ನುತ್ತಿದ್ದರು.

ಹೋದ ವರ್ಷ ಮಧ್ಯಾಹ್ನದ ನಮಾಜಿಗೆ ಹೊರಟವರು ಗ್ಯಾರೇಜಿನ ಬಾಗಿಲಲ್ಲೇ ಕುಸಿದು ತೀರಿಕೊಂಡರು. ಚಿಂತಾಮಣಿಯಿಂದ ಅವರ ತಂಗಿಯನ್ನು ಕರೆತರಲು ನಾನೇ ಹೋದೆ. ಅರ್ಧ ದಾರಿಯಲ್ಲಿ ಆಕೆ ಕಣ್ಣೊರೆಸಿಕೊಂಡು ಕೇಳಿದರು: "ಅಣ್ಣ ಹೇಳ್ತಿದ್ದ ಡ್ರೈವರಮ್ಮ ನೀವೇನಾ?"

"ಏನಂತಿದ್ರು?"

"ನನ್ನ ಶಾಗಿರ್ದ್ ಅಂತಿದ್ರು. ಶಿಷ್ಯೆ ಅಂತ. ಎಷ್ಟೋ ಜನ ಕಲ್ತು ಹೋದ್ರು, ಬೇರೆ ಯಾರನ್ನೂ ಹಂಗಂದಿದ್ದಿಲ್ಲ."

ನನ್ನೆದುರು ಅವರು ಒಮ್ಮೆಯೂ ಹಾಗೆ ಅಂದವರಲ್ಲ. ಹಿಪ್ಪುನೇರಳೆ ತೋಟದ ಬದಿಯಲ್ಲಿ ಕಾರು ನಿಲ್ಲಿಸಿದೆ. ಇಬ್ಬರೂ ಸ್ವಲ್ಪ ಹೊತ್ತು ಅತ್ತು, ಮಣ್ಣು ಮಾಡುವ ಹೊತ್ತಿಗೆ ತಡವಾಗುತ್ತದೆಂದು ಮತ್ತೆ ಹೊರಟೆವು.